ಲಡಾಖ್‌ನ ಬಿಸಿನೀರಿನ ಬುಗ್ಗೆಗಳು: ಪನಾಮಿಕ್, ಚುಮಾಥಾಂಗ್, ಪುಗಾ – ನಿಮಗೆ ಯಾವುದು ಸರಿ?

ಲಡಾಖ್‌ಗೆ ಟಿಕೆಟ್ ಮಾಡಿಸಿದವರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. "ಬಿಸಿನೀರಿನ ಬುಗ್ಗೆ ನೋಡಬೇಕು ಅಂತ ಆಸೆ. ಒಬ್ಬರು ಪನಾಮಿಕ್ ಅಂತಾರೆ, ಇನ್ನೊಬ್ಬರು ಚುಮಾಥಾಂಗ್ ಅಂತಾರೆ, ಬೈಕಿನವರು ಪುಗಾ ಅಂತಾರೆ. ಮೂರಕ್ಕೂ ಹೋಗೋಕೆ ರಜೆ ಸಾಲದು. ಯಾವುದನ್ನು ಬಿಡಲಿ?" ಕೇಳುವವರಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟವರಿದ್ದಾರೆ. ಹೊಸದಾಗಿ ಮದುವೆಯಾದವರು, ಬುಲೆಟ್ ಓಡಿಸುವ ಹುಡುಗರು, ಮಂಡಿನೋವಿಗೆ ಗಂಧಕದ ನೀರು ಒಳ್ಳೆಯದಂತೆ ಎಂದು ಕೇಳಿಕೊಂಡು ಬಂದವರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಉತ್ತರ ಕೊಡೋಕಾಗಲ್ಲ.

ಲಡಾಖ್ ಮರುಭೂಮಿಯೇ, ಆದರೆ ಚಳಿಯ ಮರುಭೂಮಿ. ಇಲ್ಲಿಯ ಮುಖ್ಯ ಊರು ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಹಿಮ ಎಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್. ನಮ್ಮ ಬರದ ನಾಡು ಎನ್ನುವ ಚಳ್ಳಕೆರೆ ಕಡೆಯಲ್ಲೂ ಇದರ ಹಲವು ಪಟ್ಟು ಮಳೆಯಾಗುತ್ತದೆ. ಮರ ಇಲ್ಲ, ಹುಲ್ಲು ಇಲ್ಲ, ಮಣ್ಣಿನ ಬಣ್ಣದ ಬೆಟ್ಟಗಳು ಮಾತ್ರ. ಅಂಥ ಜಾಗದಲ್ಲಿ ನೆಲದೊಳಗಿಂದ ಹಬೆಯಾಡುವ ನೀರು ಉಕ್ಕುತ್ತದೆ. ಇಂಡಿಯಾದ ಭೂಭಾಗ ಏಷ್ಯಾದ ಭೂಭಾಗಕ್ಕೆ ಗುದ್ದಿ ಹಿಮಾಲಯ ಎದ್ದಿತಲ್ಲ, ಆ ಗುದ್ದಾಟದ ಹೊಲಿಗೆ ಸಿಂಧೂ ನದಿಯ ಗುಂಟ ಹಾದುಹೋಗುತ್ತದೆ. ಚುಮಾಥಾಂಗ್, ಪುಗಾ ಎರಡೂ ಆ ಹೊಲಿಗೆಯ ಹತ್ತಿರ ಇವೆ. ಪನಾಮಿಕ್ ಇರುವುದು ಅದರಾಚೆ, ಕಾರಕೋರಂ ಬಿರುಕಿನ ಮೇಲೆ. ನೆಲದ ಬಿರುಕಿನಲ್ಲಿ ಆಳಕ್ಕಿಳಿದ ಹಿಮದ ನೀರು ಕಾದು ಮೇಲೆ ಬರುತ್ತದೆ. ಮೂರೂ ಕಡೆ ಮೂಲ ವಿಷಯ ಇಷ್ಟೇ. ವ್ಯತ್ಯಾಸ ಇರುವುದು ಎತ್ತರದಲ್ಲಿ, ದಾರಿಯಲ್ಲಿ, ಮತ್ತು ಅಲ್ಲಿ ನಿಜಕ್ಕೂ ಸ್ನಾನ ಮಾಡಬಹುದಾ ಎನ್ನುವುದರಲ್ಲಿ.

ಆಯ್ಕೆಗೆ ಮುಂಚೆ ಏನು ನೋಡಬೇಕು

ಮೊದಲನೆಯದು ಎತ್ತರ. ಇದನ್ನು ಬಹಳ ಜನ ತಪ್ಪಾಗಿ ಲೆಕ್ಕ ಹಾಕುತ್ತಾರೆ. ದಾರಿಯಲ್ಲಿ ಎಷ್ಟು ಎತ್ತರದ ಪಾಸ್ (ರಸ್ತೆ ಬೆಟ್ಟಸಾಲು ದಾಟುವ ಜಾಗ) ದಾಟುತ್ತೇವೆ ಅನ್ನೋದನ್ನಷ್ಟೇ ನೋಡಿ ಹೆದರುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಅನ್ನೋದು. ಪಾಸ್ ಮೇಲೆ ಹತ್ತು ನಿಮಿಷ ನಿಂತು ಇಳಿದುಬಿಡಬಹುದು. ಮಲಗಿದ ಜಾಗದಿಂದ ನಡುರಾತ್ರಿ ಇಳಿಯುವುದು ಸುಲಭವಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ ಎಂದು ಪರ್ವತ ವೈದ್ಯರು ಹೇಳುತ್ತಾರೆ. ಈ ಒಂದು ಲೆಕ್ಕ ಕೈಯಲ್ಲಿದ್ದರೆ ಅರ್ಧ ಗೊಂದಲ ಮುಗಿಯಿತು.

ಎರಡನೆಯದು ನೀರಿನ ಬಿಸಿ. ಬುಗ್ಗೆ ಅಂದರೆ ಹಿತವಾದ ಬೆಚ್ಚಗಿನ ಕೊಳ, ಇಳಿದು ಕೂತರಾಯ್ತು ಎಂದುಕೊಂಡು ಬರುತ್ತಾರೆ. ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥ ನೋಡಿದವರಿಗೆ ಹಾಗೆ ಅನಿಸುವುದು ಸಹಜ. ಅಲ್ಲಿಯ ನೀರು ಮೈಗೆ ಹಿತವಾದ ಉಗುರು ಬೆಚ್ಚಗಿನದು. ಲಡಾಖ್‌ನದು ಹಾಗಲ್ಲ. ಮೂರೂ ಕಡೆ ಬುಗ್ಗೆಯ ಬಾಯಲ್ಲಿ ಕೈ ಇಟ್ಟರೆ ಸುಟ್ಟುಹೋಗುತ್ತದೆ. ಸ್ನಾನಕ್ಕೆ ಬೇಕಾದದ್ದು 40 ಡಿಗ್ರಿ ಆಸುಪಾಸಿನ ನೀರು. ಅಂದರೆ ಯಾರೋ ಅದನ್ನು ಪೈಪಿನಲ್ಲಿ ಹರಿಸಿ, ತಣ್ಣೀರು ಬೆರೆಸಿ, ಮರೆ ಕಟ್ಟಿರಬೇಕು. ಆ ವ್ಯವಸ್ಥೆ ಎಲ್ಲಿದೆ, ಎಲ್ಲಿಲ್ಲ ಅನ್ನೋದೇ ಮುಖ್ಯ ಪ್ರಶ್ನೆ.

ಮೂರನೆಯದು ನಿಮ್ಮ ಉಳಿದ ಪ್ರವಾಸ. ಬರೀ ಬುಗ್ಗೆಗಾಗಿ ಲೇಹ್‌ನಿಂದ 140–150 ಕಿಲೋಮೀಟರ್ ಹೋಗಿ ಬರುವವರು ಕಡಿಮೆ. ಬುಗ್ಗೆ ಯಾವ ದಾರಿಯಲ್ಲಿದೆಯೋ ಆ ದಾರಿ ನಿಮಗೆ ಬೇಕಾ ಅಂತ ನೋಡಿ. ಇನ್ನು ದಿನ ಮತ್ತು ದುಡ್ಡು. ಅದರ ಬಗ್ಗೆ ಕೊನೆಗೆ ಬರುತ್ತೇನೆ, ಯಾಕೆಂದರೆ ಅದು ಬುಗ್ಗೆಗಿಂತ ಗಾಡಿಯ ಮೇಲೆ ನಿಂತಿದೆ.

ಪನಾಮಿಕ್: ಸ್ನಾನವೇ ಬೇಕು ಅನ್ನುವವರಿಗೆ

ನುಬ್ರಾ ಕಣಿವೆಯ ಕೊನೆಯ ಹಳ್ಳಿಗಳ ಕಡೆ, ಸಿಯಾಚಿನ್‌ಗೆ ಹೋಗುವ ರಸ್ತೆಯಲ್ಲಿ ಪನಾಮಿಕ್ ಇದೆ. ಲೇಹ್‌ನಿಂದ ಸುಮಾರು 150 ಕಿಲೋಮೀಟರ್. ಊರಿನ ಎತ್ತರ ಸುಮಾರು 3,200 ಮೀಟರ್. ಗಮನಿಸಿ, ಲೇಹ್ 3,500. ಅಂದರೆ ಇಲ್ಲಿ ನೀವು ಲೇಹ್‌ಗಿಂತ ಕೆಳಗೆ ಮಲಗುತ್ತೀರಿ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ತಲೆನೋವು ಇದ್ದರೆ ಕಡಿಮೆಯಾಗುತ್ತದೆ.

ಆದರೆ ಅಲ್ಲಿಗೆ ಹೋಗಬೇಕಾದರೆ ಖರ್ದುಂಗ್ ಲಾ ಎಂಬ ಪಾಸ್ ದಾಟಬೇಕು. 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹತ್ತಿರ ಹತ್ತಿರ ಅರ್ಧ. ಲೇಹ್‌ನಲ್ಲಿ ಎರಡು ರಾತ್ರಿ ಪೂರ್ತಿ ವಿಶ್ರಾಂತಿ ಮಾಡಿದ ಆರೋಗ್ಯವಂತರು ಸಾಮಾನ್ಯವಾಗಿ ತೊಂದರೆ ಇಲ್ಲದೆ ದಾಟುತ್ತಾರೆ. ಮೇಲೆ ಚಹಾ, ಫೋಟೋ ಅಂತ ಅರ್ಧ ಗಂಟೆ ಕಳೆಯಬೇಡಿ, ಅಷ್ಟೇ. ಹೃದಯದ ತೊಂದರೆ, ಉಸಿರಾಟದ ತೊಂದರೆ ಇರುವ ಹಿರಿಯರು ಜೊತೆಗಿದ್ದರೆ ಮಾತ್ರ ಈ ಒಂದು ಕಾರಣಕ್ಕೆ ಪನಾಮಿಕ್ ಕೈಬಿಡಬೇಕಾಗಬಹುದು. ಅದನ್ನು ನಿಮ್ಮ ಡಾಕ್ಟರ್ ಹೇಳಬೇಕು, ಟ್ರಾವೆಲ್ಸ್‌ನವರು ಅಲ್ಲ.

ಬುಗ್ಗೆ ರಸ್ತೆಯಿಂದ ಸ್ವಲ್ಪ ಮೇಲೆ, ಗುಡ್ಡದ ಇಳಿಜಾರಿನಲ್ಲಿದೆ. ನೀರು ಹೊರಬರುವ ಜಾಗದಲ್ಲಿ 70 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದು ಹರಿದುಬಂದ ದಾರಿಯುದ್ದಕ್ಕೂ ಕಲ್ಲಿನ ಮೇಲೆ ಬಿಳಿ ಪೊರೆ. ಅಲ್ಲಲ್ಲಿ ತುಕ್ಕಿನ ಬಣ್ಣ, ಸ್ವಲ್ಪ ತಣ್ಣಗಾದ ಕಡೆ ಗಾಢ ಹಸಿರು ಪಾಚಿ. ಕೆಳಗೆ ಸ್ನಾನದ ಕೋಣೆಗಳಿವೆ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಸಣ್ಣ ಶುಲ್ಕ ಕೊಟ್ಟು ಒಳಗೆ ಹೋಗಿ ಸ್ನಾನ ಮಾಡಿ ಬರಬಹುದು. ಸ್ಪಾ ಅಂದುಕೊಂಡು ಹೋಗಬೇಡಿ. ಸಿಮೆಂಟ್ ಕಟ್ಟಡ, ಒದ್ದೆ ನೆಲ, ಬಟ್ಟೆ ನೇತುಹಾಕಲು ಮೊಳೆ. ಆದರೆ ಬಾಗಿಲಿದೆ, ಮರೆಯಿದೆ, ನೀರನ್ನು ಹದ ಮಾಡಿಕೊಳ್ಳಬಹುದು. ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಮೂರರಲ್ಲಿ ಇದಕ್ಕಿಂತ ಅನುಕೂಲದ ಜಾಗ ಇಲ್ಲ.

ನುಬ್ರಾದ ಉಳಿದ ಸಿರಿಯೂ ಇದರ ಜೊತೆಗೆ ಸಿಗುತ್ತದೆ. ಹುಂಡರ್‌ನ ಮರಳು ದಿಬ್ಬ, ಎರಡು ಡುಬ್ಬದ ಒಂಟೆ, ದಿಸ್ಕಿತ್‌ನ 32 ಮೀಟರ್ ಎತ್ತರದ ಮೈತ್ರೇಯ ಬುದ್ಧ, ಸುಮುರ್‌ನ ಸಂಸ್ತನ್‌ಲಿಂಗ್ ಗೊಂಪಾ (ಬೌದ್ಧ ಮಠ). ಬುಗ್ಗೆಗೆ ಹತ್ತಿರದಲ್ಲೇ ಯರಬ್ ತ್ಸೋ ಎಂಬ ಪುಟ್ಟ ಕೊಳ. ಸ್ಥಳೀಯರಿಗೆ ಅದು ಪವಿತ್ರ, ಅದರಲ್ಲಿ ಇಳಿಯಬಾರದು.

ಒಂದು ತೊಡಕಿದೆ. ಪ್ಯಾಕೇಜ್‌ಗಳಲ್ಲಿ ನುಬ್ರಾ ಅಂದರೆ ಹೆಚ್ಚಾಗಿ ದಿಸ್ಕಿತ್, ಹುಂಡರ್ ಮಾತ್ರ. ಖಲ್ಸರ್ ಹತ್ತಿರ ರಸ್ತೆ ಕವಲೊಡೆಯುತ್ತದೆ. ಪನಾಮಿಕ್ ಇರುವುದು ಇನ್ನೊಂದು ಕವಲಿನಲ್ಲಿ. ಹುಂಡರ್‌ನಲ್ಲಿ ಉಳಿದವರಿಗೆ ಅಲ್ಲಿಂದ ಹೋಗಿ ಬರೋದೇ ಅರ್ಧ ದಿನದ ಕೆಲಸ. ಬುಗ್ಗೆ ಬೇಕೆಂದರೆ ಬುಕ್ ಮಾಡುವಾಗಲೇ "ಪನಾಮಿಕ್ ಸೇರಿದೆಯಾ?" ಎಂದು ಕೇಳಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಅಲ್ಲಿ ಹೋದ ಮೇಲೆ ಡ್ರೈವರ್ ಜೊತೆ ಚೌಕಾಸಿ ಶುರು. ನನ್ನನ್ನು ಕೇಳಿದರೆ, ಎರಡು ರಾತ್ರಿ ಇದ್ದವರು ಒಂದನ್ನು ಸುಮುರ್ ಕಡೆಯಲ್ಲೇ ಕಳೆಯಲಿ. ಅಲ್ಲಿ ಹೋಂಸ್ಟೇಗಳಿವೆ, ಜರ್ದಾಳು ಹಣ್ಣಿನ ತೋಟಗಳಿವೆ, ಹುಂಡರ್‌ನ ಗದ್ದಲ ಇಲ್ಲ.

ಚುಮಾಥಾಂಗ್: ನದಿ ದಂಡೆಯ ಬುಗ್ಗೆ

ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಜನ ಇದಕ್ಕೆ ಕೊಡಬೇಕಾದ ಬೆಲೆ ಕೊಟ್ಟಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಲೇಹ್‌ನಿಂದ ಸಿಂಧೂ ನದಿಯ ಗುಂಟ ಮೇಲಕ್ಕೆ ಸುಮಾರು 140 ಕಿಲೋಮೀಟರ್. ಉಪ್ಶಿಯಲ್ಲಿ ಮನಾಲಿ ರಸ್ತೆ ಬಲಕ್ಕೆ ಹೊರಳುತ್ತದೆ, ನೀವು ನದಿಯನ್ನು ಬಿಡದೆ ಮುಂದೆ ಹೋಗುತ್ತೀರಿ. ನಾಲ್ಕು–ಐದು ಗಂಟೆಯ ದಾರಿ. ನೇರಳೆ, ಹಸಿರು, ಇಟ್ಟಿಗೆ ಬಣ್ಣದ ಬೆಟ್ಟಗಳ ನಡುವೆ ಕಿರಿದಾದ ಕಣಿವೆ. ಈ ದಾರಿಯ ದೊಡ್ಡ ಗುಣ ಏನೆಂದರೆ ಪಾಸ್ ದಾಟುವುದೇ ಇಲ್ಲ. ರಸ್ತೆ ನದಿಯ ಜೊತೆ ಮೆಲ್ಲಗೆ ಏರುತ್ತಾ ಸುಮಾರು 4,000 ಮೀಟರ್‌ಗೆ ಬಂದು ನಿಲ್ಲುತ್ತದೆ. ಚಳಿಗಾಲದಲ್ಲೂ ಈ ರಸ್ತೆ ಸಾಮಾನ್ಯವಾಗಿ ತೆರೆದಿರುತ್ತದೆ.

ಇಲ್ಲಿಯ ಬುಗ್ಗೆ ನೋಡುವುದೇ ಒಂದು ಸೊಗಸು. ನದಿಯ ಅಂಚಿನಲ್ಲಿ, ಕಲ್ಲುಗಳ ಸಂದಿನಲ್ಲಿ ನೀರು ಕೊತಕೊತ ಕುದಿಯುತ್ತಿರುತ್ತದೆ. ಸುತ್ತ ಬಿಳಿ ಉಪ್ಪಿನ ಹಕ್ಕಳೆ. ಗಂಧಕದ ವಾಸನೆ ಗಾಳಿ ತಿರುಗಿದಾಗ ಮೂಗಿಗೆ ಬಡಿಯುತ್ತದೆ, ಮತ್ತೆ ಇಲ್ಲ. ಎರಡು ಹೆಜ್ಜೆ ಆಚೆ ಸಿಂಧೂ ನದಿ, ಬೆರಳು ಇಟ್ಟರೆ ಮರಗಟ್ಟುವಷ್ಟು ತಣ್ಣಗೆ. ಬಿಸಿನೀರು ನದಿಗೆ ಸೇರುವ ಕಡೆ ಕಲ್ಲುಗಳನ್ನು ಅಡ್ಡ ಇಟ್ಟು ಚಿಕ್ಕ ಗುಂಡಿ ಮಾಡಿರುತ್ತಾರೆ. ಒಂದು ಕಲ್ಲು ಸರಿಸಿದರೆ ತಣ್ಣೀರು ಒಳಗೆ ಬರುತ್ತದೆ, ಮುಚ್ಚಿದರೆ ಬಿಸಿ ಏರುತ್ತದೆ. ಊರಿನ ಹೆಂಗಸರು ಅಲ್ಲೇ ಕೂತು ಕಂಬಳಿ ಒಗೆಯುವುದನ್ನೂ ನೋಡಬಹುದು.

ಸ್ನಾನಕ್ಕೆ ಹೊರಗಿನ ಗುಂಡಿಯನ್ನು ನೆಚ್ಚಬೇಡಿ. ಬೇಸಿಗೆಯಲ್ಲಿ ಹಿಮ ಕರಗಿ ನದಿ ತುಂಬಿದಾಗ ಅವು ಮುಳುಗಿಹೋಗುತ್ತವೆ. ಅಲ್ಲದೆ ಮರೆಯಿಲ್ಲ, ಗಾಳಿ ಜೋರು. ಹಳ್ಳಿಯಲ್ಲಿ ಬುಗ್ಗೆಯ ನೀರನ್ನೇ ಹರಿಸಿಕೊಂಡ ಸ್ನಾನದ ಕೋಣೆ ಇರುವ ಗೆಸ್ಟ್‌ಹೌಸ್‌ಗಳಿವೆ. ರೂಮ್ ತೆಗೆದುಕೊಳ್ಳದೆ ಸ್ನಾನಕ್ಕಷ್ಟೇ ಬಿಡುತ್ತಾರಾ ಎಂದು ಕೇಳಿ ನೋಡಿ. ಲಡಾಖ್‌ನವರೇ ಕೀಲುನೋವು, ಚರ್ಮದ ತೊಂದರೆ ಅಂತ ಇಲ್ಲಿಗೆ ಬಂದು ಕೆಲವು ದಿನ ಇದ್ದು ಹೋಗುತ್ತಾರೆ. ಬಿಸಿನೀರಿನಿಂದ ನೋವು ಸ್ವಲ್ಪ ಹೊತ್ತು ಹಗುರವಾಗುವುದು ನಿಜ. ಒಂದು ಸ್ನಾನಕ್ಕೆ ಮಂಡಿ ಸವೆತ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಊಟಕ್ಕೆ ಅನ್ನ, ದಾಲ್, ಮ್ಯಾಗಿ, ಮೊಮೊ, ತುಕ್ಪಾ ಸಿಗುತ್ತದೆ. ಬೈಲಕುಪ್ಪೆಯಲ್ಲಿ ತಿಂದು ಅಭ್ಯಾಸ ಇದ್ದವರಿಗೆ ರುಚಿ ಹೊಸದೇನಲ್ಲ.

ಈಗ ಎತ್ತರದ ಲೆಕ್ಕಕ್ಕೆ ಬನ್ನಿ. ಬಹಳ ಜನ ಲೇಹ್‌ನಿಂದ ಒಂದೇ ದಿನದಲ್ಲಿ ತ್ಸೋ ಮೊರಿರಿ ಸರೋವರಕ್ಕೆ ಹೋಗಿ ಕೊರ್ಜೋಕ್‌ನಲ್ಲಿ ಮಲಗುತ್ತಾರೆ. 3,500ರಿಂದ 4,500ಕ್ಕೂ ಮೇಲೆ. ಒಂದೇ ಏಟಿಗೆ ಸಾವಿರ ಮೀಟರ್. ರಾತ್ರಿ ತಲೆ ಸಿಡಿಯುತ್ತದೆ, ವಾಂತಿ, ನಿದ್ದೆ ಇಲ್ಲ. ಸರೋವರ ನೋಡಿದ ಖುಷಿಯೂ ಹಾಳು. ಚುಮಾಥಾಂಗ್ ಸರಿಯಾಗಿ ನಡುವೆ ಇದೆ. ಇಲ್ಲಿ ಒಂದು ರಾತ್ರಿ ಉಳಿದರೆ 500 ಮೀಟರ್‌ನ ಎರಡು ಮೆಟ್ಟಿಲಾಗುತ್ತದೆ. ಆ ಒಂದು ರಾತ್ರಿಗೆ ಬಿಸಿನೀರಿನ ಸ್ನಾನ ಕೂಡ ಸಿಕ್ಕರೆ ಬೇಡ ಅನ್ನುವವರು ಯಾರು? ತ್ಸೋ ಮೊರಿರಿ ನಿಮ್ಮ ಪಟ್ಟಿಯಲ್ಲಿದ್ದರೆ ಇನ್ನೊಂದು ಯೋಚನೆ ಬೇಡ, ಚುಮಾಥಾಂಗ್‌ನಲ್ಲಿ ಉಳಿಯಿರಿ.

ಹಾನ್ಲೆಗೆ ಹೊರಟವರಿಗೂ ಇದೇ ದಾರಿ. ಹಾನ್ಲೆಯ ಗುಡ್ಡದ ಮೇಲಿರುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅದನ್ನು ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಆ ಕಾರಣಕ್ಕೇ ಕರ್ನಾಟಕದಿಂದ ಮಕ್ಕಳನ್ನು ಕರೆದುಕೊಂಡು ಹಾನ್ಲೆಗೆ ಹೋಗುವ ಅಪ್ಪ ಅಮ್ಮಂದಿರು ಇದ್ದಾರೆ. ಒಳ್ಳೆಯದೇ. ಆದರೆ ಹಾನ್ಲೆ ಕೂಡ ಸುಮಾರು 4,300 ಮೀಟರ್ ಮೇಲಿದೆ. ಮಕ್ಕಳಿಗಾಗಿ ದಾರಿಯಲ್ಲಿ ಒಂದು ರಾತ್ರಿ ನಿಲ್ಲುವುದೇ ಲೇಸು.

ಇನ್ನೊಂದು ವಿಷಯ, ಇದನ್ನು ಯಾವ ಪ್ಯಾಕೇಜಿನವರೂ ಹೇಳುವುದಿಲ್ಲ. ಹಿರಿಯರಿದ್ದಾರೆ, ಖರ್ದುಂಗ್ ಲಾ ಬೇಡ ಎಂದು ಡಾಕ್ಟರ್ ಹೇಳಿದ್ದಾರೆ, ಆದರೂ ಬುಗ್ಗೆ ನೋಡುವ ಆಸೆ ಇದೆ. ಅಂಥವರು ಲೇಹ್‌ನಿಂದ ಬೆಳಗ್ಗೆ ಆರಕ್ಕೆ ಹೊರಟು ಚುಮಾಥಾಂಗ್‌ನಲ್ಲಿ ಊಟ ಮಾಡಿ ಸಂಜೆಗೆ ಲೇಹ್‌ಗೆ ವಾಪಸ್ ಬರಬಹುದು. ದಿನ ಉದ್ದ, ಮೈ ನೋಯುತ್ತದೆ. ಆದರೆ ಮಲಗುವುದು ಲೇಹ್‌ನಲ್ಲೇ, ಆಸ್ಪತ್ರೆ ಇರುವ ಊರಿನಲ್ಲಿ. ಇದಕ್ಕೂ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ, ಯಾಕೆಂದರೆ 4,000 ಮೀಟರ್ ಕೂಡ ಸಣ್ಣ ಎತ್ತರವಲ್ಲ. ಪನಾಮಿಕ್‌ಗೆ ಹೀಗೆ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಮಾತ್ರ ಮಾಡಬೇಡಿ. ಪಾಸ್ ಎರಡು ಸಲ ದಾಟಿ 300 ಕಿಲೋಮೀಟರ್ ಅಂದರೆ ಹುಡುಗರಿಗೂ ಜಾಸ್ತಿಯೇ.

ಪುಗಾ: ನೋಡೋಕೆ, ಇಳಿಯೋಕಲ್ಲ

ಚುಮಾಥಾಂಗ್‌ನಿಂದ ಮುಂದೆ ಮಾಹೆ ಸೇತುವೆ. ಅಲ್ಲಿ ಸಿಂಧೂ ದಾಟಿ ಸುಮ್ದೋಗೆ ಬಂದರೆ ರಸ್ತೆ ಎರಡಾಗುತ್ತದೆ. ಒಂದು ತ್ಸೋ ಮೊರಿರಿಗೆ. ಇನ್ನೊಂದು ಪುಗಾ ಕಣಿವೆಯ ಮೂಲಕ ಪೊಲೊಕೊಂಗ್ಕಾ ಲಾ ಹತ್ತಿ ತ್ಸೋ ಕರ್ ಸರೋವರಕ್ಕೆ. ಪುಗಾದ ಎತ್ತರ ಸುಮಾರು 4,400 ಮೀಟರ್.

ಇಷ್ಟು ಎತ್ತರದಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ಈ ಕಡೆ ಕುಕ್ಕರ್ ಇಲ್ಲದೆ ಬೇಳೆ ಬೇಯಲ್ಲ. ಪುಗಾದ ಕೆಲವು ಬುಗ್ಗೆಗಳ ಬಿಸಿ ಸರಿಯಾಗಿ ಅಷ್ಟೇ. ಅಂದರೆ ನೆಲದಿಂದ ಬರುತ್ತಿರುವುದು ಕುದಿಯುತ್ತಿರುವ ನೀರೇ. ಕಣಿವೆಯುದ್ದಕ್ಕೂ ಹಬೆ, ಅಲ್ಲಲ್ಲಿ ಗುಳುಗುಳು ಕೆಸರು, ಹಳದಿ ಗಂಧಕ, ಬಿಳಿಗಾರದ ಬಿಳಿ ಪುಡಿ. ಹಿಂದಿನ ಕಾಲದಲ್ಲಿ ಇಲ್ಲಿಯ ಬಿಳಿಗಾರವನ್ನು ಕೆರೆದು ಹೊರಗೆ ಮಾರಾಟಕ್ಕೆ ಒಯ್ಯುತ್ತಿದ್ದರು. 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇಲ್ಲಿ ಕೊಳವೆಬಾವಿ ಕೊರೆದು ನೆಲದ ಬಿಸಿಯನ್ನು ಅಳೆದರು. ಆ ಬಿಸಿಯಿಂದ ವಿದ್ಯುತ್ ತೆಗೆಯಲು 2021ರ ಫೆಬ್ರವರಿಯಲ್ಲಿ ಲಡಾಖ್ ಆಡಳಿತ, ಲೇಹ್‌ನ ಗುಡ್ಡಗಾಡು ಮಂಡಳಿ ಮತ್ತು ಓಎನ್‌ಜಿಸಿ ನಡುವೆ ಒಪ್ಪಂದವಾಯಿತು. ಮೊದಲ ಹಂತದ ಗುರಿ 1 ಮೆಗಾವಾಟ್. ಭೂಮಿಯೊಳಗಿನ ಬೆಂಕಿಯನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಇದ್ದವರಿಗೆ ನಮ್ಮ ದೇಶದಲ್ಲಿ ಇಂಥ ಜಾಗ ಬೇರೆ ಸಿಗೋದು ಕಷ್ಟ.

ಆದರೆ ಸ್ನಾನಕ್ಕೆ ಪುಗಾ ಬೇಡ. ಬುಗ್ಗೆಯ ಸುತ್ತ ನೆಲದ ಮೇಲೆ ಗಟ್ಟಿಯಾಗಿ ಕಾಣುವ ಬಿಳಿ ಪದರ ಕೆಲವೆಡೆ ಹಪ್ಪಳದಷ್ಟು ತೆಳ್ಳಗಿರುತ್ತದೆ. ಕಾಲಿಟ್ಟರೆ ಮುರಿದು ಕುದಿಯುವ ಕೆಸರಿಗೆ ಇಳಿಯುತ್ತದೆ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲ. ಮಕ್ಕಳ ಕೈ ಬಿಡಲೇಬಾರದು. ಈ ನೀರಿನಲ್ಲಿ ಬೋರಾನ್, ಫ್ಲೋರೈಡ್ ಜಾಸ್ತಿ. ತೀರ್ಥ ಅಂತ ಬಾಟಲಿಗೆ ತುಂಬಿಕೊಂಡು ಕುಡಿಯಬೇಡಿ.

ಪುಗಾದಲ್ಲಿ ಬುಗ್ಗೆಯಷ್ಟೇ ಬೆಲೆಯುಳ್ಳದ್ದು ಅಲ್ಲಿಯ ಜೌಗು. ಬಿಸಿನೀರು ಸೇರುವ ಹಸಿರು ಹುಲ್ಲಿನ ನಡುವೆ ಕಪ್ಪು ಕತ್ತಿನ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಇದು ಲಡಾಖ್‌ನ ರಾಜ್ಯಪಕ್ಷಿ. ಇಡೀ ದೇಶದಲ್ಲಿ ಇವು ಮರಿ ಮಾಡುವ ಜಾಗಗಳೇ ಕೆಲವು, ಅವೂ ಹೆಚ್ಚಾಗಿ ಈ ಚಾಂಗ್‌ಥಾಂಗ್ ಪ್ರದೇಶದಲ್ಲಿ. ಜೂನ್, ಜುಲೈನಲ್ಲಿ ಮೊಟ್ಟೆ, ಮರಿಗಳ ಕಾಲ. ಫೋಟೋಗಾಗಿ ಜೌಗಿಗೆ ಇಳಿದರೆ ತಾಯಿ ಎದ್ದು ಹಾರುತ್ತದೆ, ಅಷ್ಟರಲ್ಲಿ ನಾಯಿಯೋ ಕಾಗೆಯೋ ಮೊಟ್ಟೆ ತಿಂದಿರುತ್ತದೆ. ದಯವಿಟ್ಟು ರಸ್ತೆ ಬಿಟ್ಟು ಗಾಡಿ ಇಳಿಸಬೇಡಿ. ಬೈನಾಕ್ಯುಲರ್ ಇದ್ದರೆ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತವೆ. ಕಣಿವೆಯಲ್ಲಿ ಚಾಂಗ್ಪಾ ಜನರ ಪಶ್ಮೀನಾ ಮೇಕೆಗಳ ಹಿಂಡೂ ಕಾಣಬಹುದು. ಅವರ ಮಕ್ಕಳಿಗಾಗಿ ಇಲ್ಲೊಂದು ವಸತಿ ಶಾಲೆ ಇದೆ.

ಉಳಿದುಕೊಳ್ಳುವ ಅನುಕೂಲ ಪುಗಾದಲ್ಲಿ ಇಲ್ಲದಂತೆಯೇ. ಒಂದೆರಡು ಗಂಟೆ ನೋಡಿ ಮುಂದೆ ಹೋಗುವ ಜಾಗ ಎಂದುಕೊಳ್ಳಿ. ಮನಾಲಿಯಿಂದ ಬೈಕಿನಲ್ಲಿ ಬರುವವರು ಡೆಬ್ರಿಂಗ್‌ನಲ್ಲಿ ತಿರುಗಿ ತ್ಸೋ ಕರ್, ಪುಗಾ, ಚುಮಾಥಾಂಗ್ ದಾರಿ ಹಿಡಿದು ಲೇಹ್ ಸೇರಬಹುದು. ನಕ್ಷೆಯಲ್ಲಿ ಚೆಂದ ಕಾಣುತ್ತದೆ. ಆದರೆ ಮೈ ಎತ್ತರಕ್ಕೆ ಒಗ್ಗುವ ಮೊದಲೇ 4,500 ಮೀಟರ್‌ನ ತ್ಸೋ ಕರ್‌ನಲ್ಲಿ ರಾತ್ರಿ ಕಳೆಯಬೇಕಾದೀತು. ನಾನಾದರೆ ಮೊದಲು ಲೇಹ್ ಸೇರಿ, ಸುಧಾರಿಸಿಕೊಂಡು, ವಾಪಸ್ ಮನಾಲಿಗೆ ಹೋಗುವಾಗ ಈ ದಾರಿ ಹಿಡಿಯುತ್ತೇನೆ. ಆಗ ಮೈ ಹದಕ್ಕೆ ಬಂದಿರುತ್ತದೆ, ಚುಮಾಥಾಂಗ್‌ನಲ್ಲಿ ಸ್ನಾನ, ಪುಗಾದಲ್ಲಿ ಹಬೆ, ತ್ಸೋ ಕರ್‌ನಲ್ಲಿ ಕಾಡುಕತ್ತೆ, ಎಲ್ಲ ಸಾಲಾಗಿ ಸಿಗುತ್ತವೆ.

ದುಡ್ಡು, ಗಾಡಿ, ಪರ್ಮಿಟ್

ಬುಗ್ಗೆಯ ಶುಲ್ಕ ಚಿಲ್ಲರೆ ಲೆಕ್ಕ. ಖರ್ಚೆಲ್ಲ ಗಾಡಿಯದು. ಲೇಹ್‌ನ ಟ್ಯಾಕ್ಸಿ ಯೂನಿಯನ್ ಪ್ರತಿ ವರ್ಷ ಊರಿಂದೂರಿಗೆ ದರಪಟ್ಟಿ ಹೊರಡಿಸುತ್ತದೆ. ಗಾಡಿ ಮಾತಾಡುವ ಮೊದಲು ಆ ವರ್ಷದ ಪಟ್ಟಿ ನೋಡಿ. ಹೊರಗಿನಿಂದ ಬಾಡಿಗೆಗೆ ತಂದ ಕಾರು, ಬೈಕಿನಲ್ಲಿ ಲೇಹ್‌ನಿಂದ ಮುಂದೆ ತಿರುಗಲು ಸ್ಥಳೀಯರು ಬಿಡುವುದಿಲ್ಲ. ಸ್ವಂತ ಗಾಡಿ ಆಗಬಹುದು, ಇಲ್ಲವೇ ಲೇಹ್‌ನಲ್ಲೇ ಬಾಡಿಗೆಗೆ ತೆಗೆದುಕೊಳ್ಳಬೇಕು.

ಕೈ ಬಿಗಿ ಇದ್ದವರಿಗೆ, ಒಬ್ಬರೇ ಹೋಗುವವರಿಗೆ ಪನಾಮಿಕ್ ದಾರಿ ಅಗ್ಗ. ನುಬ್ರಾಗೆ ಲೇಹ್‌ನಿಂದ ಶೇರ್ ಟ್ಯಾಕ್ಸಿಗಳು ಓಡುತ್ತವೆ, ಹೋಂಸ್ಟೇಗಳು ಬೇಕಾದಷ್ಟಿವೆ, ಜೊತೆಗೆ ಸೇರಿಕೊಳ್ಳಲು ಇತರ ಪ್ರವಾಸಿಗರೂ ಸಿಗುತ್ತಾರೆ. ಚುಮಾಥಾಂಗ್, ಪುಗಾ ಕಡೆ ಬಸ್ಸು ಅಪರೂಪ. ಅದನ್ನು ನಂಬಿಕೊಂಡರೆ ವಾಪಸ್ ಬರುವ ದಿನ ನಿಮ್ಮ ಕೈಯಲ್ಲಿರಲ್ಲ. ನಾಲ್ಕು ಜನ ಸೇರಿ ಒಂದು ಗಾಡಿ ಮಾಡಿದರೆ ಮಾತ್ರ ಈ ಕಡೆ ತಲೆಗೆ ಬೀಳುವ ಖರ್ಚು ಹದಕ್ಕೆ ಬರುತ್ತದೆ. ಲೇಹ್‌ನ ಮಾರುಕಟ್ಟೆಯ ಟ್ರಾವೆಲ್ಸ್ ಅಂಗಡಿಗಳ ಮುಂದೆ "ತ್ಸೋ ಮೊರಿರಿಗೆ ಇಬ್ಬರು ಬೇಕು" ಎಂದು ಚೀಟಿ ಅಂಟಿಸಿರುತ್ತಾರೆ. ಸಂಜೆ ಒಂದು ಸುತ್ತು ಹಾಕಿ.

ಪೆಟ್ರೋಲ್ ವಿಷಯದಲ್ಲೂ ಇದೇ ವ್ಯತ್ಯಾಸ. ನುಬ್ರಾದ ದಿಸ್ಕಿತ್‌ನಲ್ಲಿ ಬಂಕ್ ಇದೆ. ಚುಮಾಥಾಂಗ್ ದಾರಿಯಲ್ಲಿ ಕರೂ ದಾಟಿದ ಮೇಲೆ ಬಂಕ್ ಸಿಗುತ್ತೆ ಎಂದು ನೆಚ್ಚಿಕೊಳ್ಳದೆ ಅಲ್ಲೇ ಟ್ಯಾಂಕ್ ತುಂಬಿಸಿ. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದಿದ್ದರೂ ಪುಗಾದಲ್ಲಿ ಸಿಗ್ನಲ್ ಸಿಗುತ್ತೆ ಅಂತ ಇಟ್ಟುಕೊಳ್ಳಬೇಡಿ. ಮನೆಯವರಿಗೆ ಮೊದಲೇ ಹೇಳಿಬಿಡಿ.

ಪರ್ಮಿಟ್, ಪರಿಸರ ಶುಲ್ಕದ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಲೇಹ್ ಆಡಳಿತದ ಜಾಲತಾಣ ನೋಡಿ, ರಸೀದಿ ಮತ್ತು ಆಧಾರ್‌ನ ನಾಲ್ಕಾರು ಪ್ರತಿ ಇಟ್ಟುಕೊಳ್ಳಿ. ಅಮೆರಿಕಾ, ಇಂಗ್ಲೆಂಡಿನಿಂದ ಬರುವ ನಮ್ಮವರಿಗೆ ಒಂದು ಮಾತು. ಕೈಯಲ್ಲಿ ವಿದೇಶಿ ಪಾಸ್‌ಪೋರ್ಟ್ ಇದ್ದರೆ, ಓಸಿಐ ಕಾರ್ಡ್ ಇದ್ದರೂ, ಗಡಿ ಪ್ರದೇಶಕ್ಕೆ ಬೇರೆ ಪರ್ಮಿಟ್ ಬೇಕು. ಅದನ್ನು ಲೇಹ್‌ನ ನೋಂದಾಯಿತ ಏಜೆನ್ಸಿ ಮೂಲಕವೇ ಮಾಡಿಸಬೇಕು. ಮನೆಯವರೆಲ್ಲ ಒಟ್ಟಿಗೆ ಹೊರಟು ಒಬ್ಬರಿಗೆ ಮಾತ್ರ ಪರ್ಮಿಟ್ ಇಲ್ಲದೆ ಚೆಕ್‌ಪೋಸ್ಟ್‌ನಲ್ಲಿ ನಿಲ್ಲುವ ಹಾಗಾಗಬಾರದು.

ಹಾಗಾದರೆ ಯಾರಿಗೆ ಯಾವುದು

ಒಟ್ಟು ಐದಾರು ದಿನದ ಪ್ರವಾಸ, ಮೊದಲ ಸಲ ಲಡಾಖ್, ಮನೆಮಂದಿ ಜೊತೆಗೆ: ಪನಾಮಿಕ್. ಲೇಹ್‌ನಲ್ಲಿ ಎರಡು ರಾತ್ರಿ, ನುಬ್ರಾದಲ್ಲಿ ಎರಡು. ಸ್ನಾನವೂ ಆಗುತ್ತದೆ, ಮಕ್ಕಳಿಗೆ ಒಂಟೆಯೂ ಆಗುತ್ತದೆ.

ಎಂಟು ಹತ್ತು ದಿನ ಇದ್ದು, ಪ್ಯಾಂಗಾಂಗ್‌ಗಿಂತ ಶಾಂತವಾದ ಸರೋವರ ಬೇಕು, ಜನಸಂದಣಿ ಬೇಡ ಅನ್ನುವ ದಂಪತಿ, ಗೆಳೆಯರು: ಚುಮಾಥಾಂಗ್‌ನಲ್ಲಿ ಒಂದು ರಾತ್ರಿ, ಆಮೇಲೆ ತ್ಸೋ ಮೊರಿರಿ, ಬರುವಾಗ ಪುಗಾ ಒಂದು ಸುತ್ತು. ಸುಮ್ದೋದಿಂದ ಪುಗಾ ದೂರವೇನಲ್ಲ. ಗಾಡಿ ಮಾತಾಡುವಾಗಲೇ ಸೇರಿಸಿಕೊಳ್ಳಿ.

ಹಕ್ಕಿ ನೋಡುವವರು, ಭೂವಿಜ್ಞಾನ ಓದುವ ಮಕ್ಕಳು, ಕ್ಯಾಮೆರಾ ಹಿಡಿದವರು: ಪುಗಾ ಬಿಡಬೇಡಿ. ಆದರೆ ಲಡಾಖ್‌ಗೆ ಬಂದು ಐದನೆಯ ದಿನಕ್ಕಿಂತ ಮೊದಲು ಬೇಡ.

ಮಂಡಿನೋವಿನ ಅಮ್ಮನಿಗೆ ಬಿಸಿನೀರಿನ ಸ್ನಾನ ಮಾಡಿಸಬೇಕು ಅನ್ನುವವರಿಗೆ ಎರಡು ದಾರಿ. ಡಾಕ್ಟರ್ ಪಾಸ್ ದಾಟಲು ಒಪ್ಪಿದರೆ ಪನಾಮಿಕ್. ಅಲ್ಲಿ ಮೆಟ್ಟಿಲು, ಒದ್ದೆ ನೆಲ ಇದೆ, ಕೈ ಹಿಡಿದುಕೊಳ್ಳಿ. ಪಾಸ್ ಬೇಡ, ಆದರೆ ಎತ್ತರ ಪರವಾಗಿಲ್ಲ ಎಂದರೆ ಚುಮಾಥಾಂಗ್‌ಗೆ ಹಗಲಿನಲ್ಲಿ ಹೋಗಿ ಬನ್ನಿ. ಎರಡಕ್ಕೂ ಬೇಡ ಎಂದರೆ ಲಡಾಖ್‌ನ ಆಸೆ ಬಿಟ್ಟು ಇರ್ದೆಗೆ ಕರೆದುಕೊಂಡು ಹೋಗಿ. ಅಮ್ಮನ ಉಸಿರಿಗಿಂತ ಯಾವ ಬುಗ್ಗೆಯೂ ದೊಡ್ಡದಲ್ಲ.

ನೀರಿಗಿಳಿಯುವ ಮುಂಚೆ

ಎತ್ತರದಲ್ಲಿ ಬಿಸಿನೀರಿನ ಸ್ನಾನ ನಮ್ಮೂರಿನ ಬಚ್ಚಲುಮನೆಯ ಸ್ನಾನದ ಥರ ಅಲ್ಲ. ಬಿಸಿಗೆ ರಕ್ತನಾಳ ಹಿಗ್ಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಎದ್ದು ನಿಂತ ಕೂಡಲೇ ತಲೆ ಸುತ್ತುತ್ತದೆ. ಗಾಳಿ ಒಣ, ಮೈಯಲ್ಲಿ ನೀರು ಮೊದಲೇ ಕಡಿಮೆ. ಹಾಗಾಗಿ ಗಾಡಿಯಿಂದಿಳಿದು ನೇರ ನೀರಿಗೆ ಹೋಗಬೇಡಿ. ಅರ್ಧ ಗಂಟೆ ಕೂತು, ನೀರು ಕುಡಿದು, ಆಮೇಲೆ ಹತ್ತು–ಹದಿನೈದು ನಿಮಿಷ ಸಾಕು. ಒಬ್ಬರೇ ಹೋಗಬೇಡಿ. ತಲೆನೋವು, ವಾಕರಿಕೆ ಇದ್ದ ದಿನ ಸ್ನಾನವೇ ಬೇಡ. ಕುಡಿದು ಇಳಿಯುವುದಂತೂ ಬೇಡವೇ ಬೇಡ. ಬಸುರಿಯರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಎತ್ತರದ ತೊಂದರೆ ಬಾರದಿರಲಿ ಎಂದು ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮೂತ್ರ ಜಾಸ್ತಿ ಹೋಗುತ್ತದೆ, ಅವರು ಇನ್ನೂ ಹೆಚ್ಚು ನೀರು ಕುಡಿಯಬೇಕು. ಸಲ್ಫಾ ಅಲರ್ಜಿ ಇದ್ದವರು ಆ ಮಾತ್ರೆಯ ಬಗ್ಗೆ ಕೇಳದೆ ನುಂಗಬೇಡಿ.

ಕೈ ನೇರ ನೀರಿಗೆ ಹಾಕಬೇಡಿ, ಮಗ್ಗಿನಲ್ಲಿ ತೆಗೆದು ನೋಡಿ. ಬೆಳ್ಳಿ ಕಾಲುಂಗುರ, ಗೆಜ್ಜೆ, ಉಡುದಾರ ಬಿಚ್ಚಿಡಿ, ಗಂಧಕಕ್ಕೆ ಕಪ್ಪಾಗುತ್ತವೆ. ಚುಮಾಥಾಂಗ್‌ನ ಹೊರಗಿನ ಗುಂಡಿಗಳಲ್ಲಿ ಸೋಪು, ಶಾಂಪೂ ಬಳಸಬೇಡಿ, ಆ ನೀರು ಸೀದಾ ಸಿಂಧೂ ಸೇರುತ್ತದೆ. ಒಣ ಟವೆಲ್, ಉಣ್ಣೆ ಟೋಪಿ, ರಬ್ಬರ್ ಚಪ್ಪಲಿ ಕೈಚೀಲದಲ್ಲೇ ಇರಲಿ, ಗಾಡಿಯ ಮೇಲೆ ಕಟ್ಟಿದ ಸೂಟ್‌ಕೇಸಿನಲ್ಲಲ್ಲ. ಹೊರಗೆ ಬಂದ ಕೂಡಲೇ ಬೀಸುವ ಗಾಳಿಗೆ ಒದ್ದೆ ತಲೆ ಒಡ್ಡಬೇಡಿ. ಮಧ್ಯಾಹ್ನದ ಮೇಲೆ ಈ ಕಣಿವೆಗಳಲ್ಲಿ ಗಾಳಿ ಜೋರಾಗುತ್ತದೆ. ಸ್ನಾನ ಬೆಳಗ್ಗೆಯೇ ಮುಗಿಸಿಬಿಡಿ.